ಮಳೆಗಾಲದಲ್ಲಿ ಬಿಡದೆ ಕಾಡುವ ಡೈಪರ್ ದದ್ದು: ಯಾವುದನ್ನು ಹಚ್ಚಬೇಕು, ಯಾವುದನ್ನು ದೂರ ಇಡಬೇಕು

ಹೋದ ವರ್ಷ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ನಮ್ಮ ಅಡುಗೆಮನೆಯ ಹಗ್ಗದ ಮೇಲೆ ಇಪ್ಪತ್ತೆರಡು ಲಂಗೋಟಿ ನೇತಾಡುತ್ತಿದ್ದವು. ಮೂರನೇ ದಿನವಾದರೂ ಒಂದೂ ಪೂರ್ತಿ ಒಣಗಿರಲಿಲ್ಲ. ಕೊಡಗಿನ ನಾಪೋಕ್ಲು ಕಡೆಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಹುಟ್ಟಿ ಬೆಳೆದದ್ದು ಕುಶಾಲನಗರದಲ್ಲಿ. ಅಲ್ಲಿ ಮಳೆಗಾಲದಲ್ಲೂ ಮಧ್ಯೆ ಮಧ್ಯೆ ಬಿಸಿಲು ಇಣುಕುತ್ತದೆ, ಬಟ್ಟೆ ಹೇಗೋ ಒಣಗುತ್ತದೆ. ಒಂದೇ ಜಿಲ್ಲೆ, ಆದರೆ ಮದುವೆಯಾಗಿ ಈ ಕಡೆ ಬಂದ ಮೇಲೆ ಒದ್ದೆ ಬಟ್ಟೆ ಅಂದರೆ ಏನು ಅಂತ ಗೊತ್ತಾಯಿತು.

ಮಗಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಕೆಮ್ಮು, ಜ್ವರಕ್ಕೆ ಐದು ದಿನ ಆ್ಯಂಟಿಬಯೋಟಿಕ್ ಆಗಿತ್ತು. ಅದು ಮುಗಿಯುವ ಹೊತ್ತಿಗೆ ಭೇದಿ ಶುರುವಾಯಿತು. ಭೇದಿ ನಿಲ್ಲುವ ಹೊತ್ತಿಗೆ ತೊಡೆಸಂದಿಯಲ್ಲಿ ಕೆಂಪು. "ಉಷ್ಣ ಆಗಿದೆ, ಕೊಬ್ಬರಿ ಎಣ್ಣೆ ಹಚ್ಚು" ಅಂದರು ಅತ್ತೆ. ಹಚ್ಚಿದೆ. ಪಕ್ಕದ ತೋಟದ ಅಕ್ಕ ಪೌಡರ್ ಹಾಕು ಅಂದರು. ಹಾಕಿದೆ. ಪೇಟೆಯ ಮೆಡಿಕಲ್‌ನಲ್ಲಿ ಒಂದು ಟ್ಯೂಬು ಕೊಟ್ಟರು. ಎರಡು ದಿನದಲ್ಲಿ ಕೆಂಪು ಮಾಯ! ನಿಲ್ಲಿಸಿದೆ. ನಾಲ್ಕನೇ ದಿನ ಮೊದಲಿಗಿಂತ ಜಾಸ್ತಿ ಆಗಿ ವಾಪಸ್ ಬಂತು. ಹೀಗೇ ಐದು ವಾರ ಎಳೆಯಿತು. ಕೊನೆಗೆ ಮಕ್ಕಳ ಡಾಕ್ಟರು ಅರ್ಧ ನಿಮಿಷ ನೋಡಿ, ಇದು ಯೀಸ್ಟ್, ಅಂದರೆ ಒಂದು ಬಗೆಯ ಫಂಗಸ್, ಅಂದರು. ಆಮೇಲೆ ಹತ್ತು ದಿನದಲ್ಲಿ ಹೋಯಿತು.

ಆ ಐದು ವಾರದಲ್ಲಿ ನಾನು ಮಾಡದ ಪ್ರಯೋಗವಿಲ್ಲ. ಒಂದೊಂದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಕೆಲಸ ಮಾಡುತ್ತದೆ, ಯಾವುದು ಸುಮ್ನೆ, ಯಾವುದು ಕೆಡಿಸುತ್ತದೆ ಅನ್ನುವುದು ಈಗ ಸ್ಪಷ್ಟವಾಗಿ ಕಾಣುತ್ತದೆ. ನಾನು ಡಾಕ್ಟರಲ್ಲ. ಮಗುವಿಗೆ ಹಚ್ಚುವ ಔಷಧವನ್ನು ಒಮ್ಮೆಯಾದರೂ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ತೋರಿಸಿ ಬಂದ ಮೇಲೂ ಮನೆಯಲ್ಲಿ ನೂರು ತೀರ್ಮಾನ ಉಳಿಯುತ್ತವಲ್ಲ, ಈ ಬರಹ ಅವುಗಳ ಬಗ್ಗೆ.

ಮೊದಲು, ಇದು ಯಾವ ದದ್ದು?

ಇದನ್ನು ತಪ್ಪಿದರೆ ಮುಂದಿನದೆಲ್ಲ ತಪ್ಪು. ಡೈಪರ್ ಜಾಗದ ದದ್ದಿನಲ್ಲಿ ಎರಡು ಬಗೆ ಸಾಮಾನ್ಯ.

ಒಂದು, ಒದ್ದೆ ಮತ್ತು ಉಜ್ಜಾಟದಿಂದ ಬರುವ ಸಾದಾ ದದ್ದು. ಡೈಪರ್ ಅಂಟಿಕೊಂಡಿರುವ ಉಬ್ಬು ಭಾಗದಲ್ಲಿ ಇದು ಕಾಣುತ್ತದೆ: ಕುಂಡೆ, ತೊಡೆಯ ಒಳಬದಿ, ಕಿಬ್ಬೊಟ್ಟೆ. ಮಡಿಕೆಯನ್ನು ಬಿಡಿಸಿ ನೋಡಿದರೆ ಒಳಗಿನ ಚರ್ಮ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಯೀಸ್ಟಿನದು. ಇದು ಮಡಿಕೆಯ ಒಳಗೇ ಕೂತಿರುತ್ತದೆ. ತೊಡೆಸಂದಿ ಹಸಿ ಮಾಂಸದ ಹಾಗೆ ಕಡುಗೆಂಪಾಗಿ ಹೊಳೆಯುತ್ತದೆ. ಅಂಚು ಗೆರೆ ಎಳೆದ ಹಾಗಿರುತ್ತದೆ. ಆ ಅಂಚಿನಿಂದ ಆಚೆಗೆ ಸಾಸಿವೆ ಚೆಲ್ಲಿದಂತೆ ಪುಟ್ಟ ಪುಟ್ಟ ಕೆಂಪು ಗುಳ್ಳೆಗಳು. ಈ ಚೆಲ್ಲಿದ ಗುಳ್ಳೆಗಳೇ ಅದರ ಗುರುತು. ಮಗುವಿನ ಬಣ್ಣ ಕಪ್ಪಾಗಿದ್ದರೆ ಕೆಂಪು ಅಷ್ಟು ಎದ್ದು ಕಾಣುವುದಿಲ್ಲ, ಕಂದು ಅಥವಾ ನೇರಳೆ ಛಾಯೆ ಇರಬಹುದು. ಗುಳ್ಳೆಗಳನ್ನು ಹುಡುಕಿ. ಟ್ಯೂಬ್‌ಲೈಟಿನಲ್ಲಿ ಬೇಡ, ಹಗಲು ಬೆಳಕಿನಲ್ಲಿ ಜಗಲಿಗೆ ಕರೆದುಕೊಂಡು ಬಂದು ನೋಡಿ.

ಸಾದಾ ದದ್ದು ಚೆನ್ನಾಗಿ ಆರೈಕೆ ಮಾಡಿದರೆ ಎರಡು ಮೂರು ದಿನದಲ್ಲಿ ಇಳಿಮುಖ ಆಗುತ್ತದೆ. ಮೂರು ದಿನ ಕಳೆದರೂ ಹಠ ಹಿಡಿದು ಕೂತಿದ್ದರೆ ಯೀಸ್ಟಿನ ಅನುಮಾನ ಪಡಬೇಕು. ಎಷ್ಟೋ ಸಲ ಸಾದಾ ದದ್ದಾಗಿ ಶುರುವಾಗಿ, ಚರ್ಮ ಸೋತ ಮೇಲೆ ಯೀಸ್ಟ್ ಬಂದು ಸೇರಿಕೊಳ್ಳುತ್ತದೆ.

ಈ ಯೀಸ್ಟಿನ ಹೆಸರು ಕ್ಯಾಂಡಿಡಾ. ಹೊರಗಿನಿಂದ ಬಂದ ಶತ್ರು ಏನಲ್ಲ, ನಮ್ಮಲ್ಲಿ ಬಹಳಷ್ಟು ಜನರ ಕರುಳಿನಲ್ಲೂ ಸ್ವಲ್ಪ ಇರುತ್ತದೆ. ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು ಒಳ್ಳೆಯ ಬ್ಯಾಕ್ಟೀರಿಯಾಗಳು. ಆ್ಯಂಟಿಬಯೋಟಿಕ್ ಕೊಟ್ಟಾಗ ಅವೂ ಸಾಯುತ್ತವೆ, ಯೀಸ್ಟಿಗೆ ಅಂಗಳ ಖಾಲಿ ಸಿಗುತ್ತದೆ. ಮಲದ ಜೊತೆ ಹೊರಗೆ ಬಂದು, ಬೆಚ್ಚಗೆ, ಒದ್ದೆಯಾಗಿ, ಗಾಳಿ ಇಲ್ಲದೆ ಇರುವ ಜಾಗದಲ್ಲಿ ಬೆಳೆಯುತ್ತದೆ. ಡೈಪರ್ ಒಳಗಿಗಿಂತ ಒಳ್ಳೆಯ ಜಾಗ ಅದಕ್ಕೆ ಎಲ್ಲಿ ಸಿಗಬೇಕು? ಹಾಗಾಗಿ ನಮ್ಮ ಮನೆಯಲ್ಲಿ ಆದದ್ದು ಉಷ್ಣವೂ ಅಲ್ಲ, ದೃಷ್ಟಿಯೂ ಅಲ್ಲ. ಆ್ಯಂಟಿಬಯೋಟಿಕ್, ಭೇದಿ, ಒದ್ದೆ ಲಂಗೋಟಿ, ಈ ಮೂರು ಸಾಲಾಗಿ ಬಂದದ್ದು.

ಜೊತೆಗೆ ಬಾಯಿಯನ್ನೂ ನೋಡಿ. ನಾಲಿಗೆ, ಕೆನ್ನೆಯ ಒಳಗೆ ಮೊಸರು ಮೆತ್ತಿದಂಥ ಬಿಳಿ ಪದರ ಇದ್ದು, ಬಟ್ಟೆಯಿಂದ ಒರೆಸಿದರೂ ಹೋಗದಿದ್ದರೆ ಅಲ್ಲೂ ಯೀಸ್ಟ್ ಇದೆ ಅಂತ ಅರ್ಥ. ಆಗ ಕೆಳಗೆ ಮಾತ್ರ ಮುಲಾಮು ಹಚ್ಚಿ ಸಾಲದು. ಬಾಯಿಗೂ ಔಷಧ ಬೇಕು, ಎದೆಹಾಲು ಕುಡಿಸುತ್ತಿದ್ದರೆ ತಾಯಿಯನ್ನೂ ನೋಡಬೇಕಾಗುತ್ತದೆ.

ನಾಲ್ಕು ಬಗೆಯ ಟ್ಯೂಬು

ಮೆಡಿಕಲ್‌ಗೆ ಹೋಗಿ "ಮಗುವಿನ ದದ್ದಿಗೆ ಏನಾದ್ರೂ ಕೊಡಿ" ಅಂದರೆ ನಾಲ್ಕು ಬಗೆಯಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ನಾನು ಮಾಡಿದ ತಪ್ಪು ಇದೇ, ಏನಾದ್ರೂ ಕೊಡಿ ಅಂದದ್ದು.

ಮೊದಲನೆಯದು ತಡೆ ಮುಲಾಮು. ಬೆಳ್ಳಗೆ ದಪ್ಪಗಿರುವ ಜಿಂಕ್ ಆಕ್ಸೈಡ್, ಅಥವಾ ಪಾರದರ್ಶಕ ಪೆಟ್ರೋಲಿಯಂ ಜೆಲ್ಲಿ. ಇವು ಯೀಸ್ಟನ್ನು ಕೊಲ್ಲುವುದಿಲ್ಲ. ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆ ಕಟ್ಟುತ್ತವೆ ಅಷ್ಟೆ. ಸಾದಾ ದದ್ದಿಗೆ ಇದೇ ಮದ್ದು. ಯೀಸ್ಟ್ ದದ್ದಿಗೆ ಇದು ಜೊತೆಗಾರ. ಜಿಂಕೋ ಜೆಲ್ಲಿಯೋ ಅಂತ ಕೇಳಿದರೆ, ಭೇದಿ ಇದ್ದಾಗ ನನ್ನ ಮತ ಜಿಂಕಿಗೆ. ಜೆಲ್ಲಿ ಎರಡು ಸಲ ಒರೆಸಿದರೆ ಹೋಗುತ್ತದೆ, ಜಿಂಕ್ ಅಂಟಿಕೊಂಡು ನಿಲ್ಲುತ್ತದೆ. ಆದರೆ ಆ ಅಂಟಿಕೊಂಡದ್ದನ್ನು ಪ್ರತಿ ಸಲವೂ ಉಜ್ಜಿ ತೆಗೆಯಲು ಹೋಗಬೇಡಿ. ನಾನು ಹಾಗೆ ಉಜ್ಜಿಯೇ ಚರ್ಮ ಕಿತ್ತು ಬರುವ ಹಾಗೆ ಮಾಡಿದ್ದೆ. ಮೇಲಿನ ಗಲೀಜು ಮಾತ್ರ ತೆಗೆದು ಮತ್ತೆ ಹಚ್ಚಿದರೆ ಸಾಕು. ಪೂರ್ತಿ ತೆಗೆಯಲೇಬೇಕಾದಾಗ ಹತ್ತಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಮೆತ್ತಗೆ ಬಿಡುತ್ತದೆ.

ಎರಡನೆಯದು ಬರೀ ಫಂಗಸ್ ಮುಲಾಮು. ಯೀಸ್ಟಿಗೆ ಬೇಕಾದದ್ದು ಇದು. ಕ್ಲೋಟ್ರಿಮಜೋಲ್ 1%, ಮೈಕೊನಜೋಲ್, ನಿಸ್ಟಾಟಿನ್, ಈ ಮೂರರಲ್ಲಿ ಒಂದು. ನಮ್ಮ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕ್ಲೋಟ್ರಿಮಜೋಲ್. ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಮೂರರಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಾಕ್ಟರು ಬರೆದದ್ದನ್ನು, ಬರೆದಷ್ಟು ದಿನ ಹಚ್ಚುವುದೇ ಮುಖ್ಯ. ಸಾಮಾನ್ಯವಾಗಿ ದಿನಕ್ಕೆ ಎರಡು ಮೂರು ಸಲ, ತೆಳ್ಳಗೆ, ಮಡಿಕೆಯ ಒಳಗೂ ಅಂಚಿನ ಗುಳ್ಳೆಗಳ ಮೇಲೂ. ಒಟ್ಟು 7ರಿಂದ 14 ದಿನ. ಕೆಂಪು ಹೋದ ಮೇಲೂ ಕೆಲವು ದಿನ ಮುಂದುವರಿಸಬೇಕು. ಕಣ್ಣಿಗೆ ಕಾಣದ ಯೀಸ್ಟ್ ಇನ್ನೂ ಇರುತ್ತದೆ, ನಾವು ವಾಸಿಯಾಯಿತು ಅಂತ ಟ್ಯೂಬನ್ನು ಎತ್ತಿಟ್ಟ ಕೂಡಲೇ ಮತ್ತೆ ತಲೆ ಎತ್ತುತ್ತದೆ. ಬಿಡದೆ ಕಾಡುತ್ತಿದೆ ಅಂತ ನಾವು ಗೋಳಾಡುವ ದದ್ದುಗಳಲ್ಲಿ ಬಹಳಷ್ಟು ಹೀಗೆ ಅರ್ಧಕ್ಕೆ ಬಿಟ್ಟವೇ.

ಮೊದಲ ಎರಡನ್ನೂ ಒಟ್ಟಿಗೆ ಬಳಸಬಹುದು, ಬಳಸಬೇಕು ಕೂಡ. ಆದರೆ ಕ್ರಮ ಇದೆ. ತೊಳೆದು, ಪೂರ್ತಿ ಒಣಗಿಸಿ, ಮೊದಲು ಫಂಗಸ್ ಮುಲಾಮು. ಅದು ಚರ್ಮಕ್ಕೆ ಹಿಡಿಯಲು ಕೆಲವು ನಿಮಿಷ ಬಿಟ್ಟು, ಮೇಲೆ ಜಿಂಕ್. ಉಲ್ಟಾ ಮಾಡಿದರೆ ಗೋಡೆಯ ಹೊರಗೆ ಔಷಧ ನಿಲ್ಲುತ್ತದೆ, ಒಳಗೆ ಯೀಸ್ಟ್ ಆರಾಮಾಗಿರುತ್ತದೆ. ಹದಿನೈದು ದಿನ ನಾನು ಉಲ್ಟಾ ಹಚ್ಚಿದ್ದೆ, ಯಾರೂ ಹೇಳಿರಲಿಲ್ಲ.

ಮೂರನೆಯದು ಸ್ಟೀರಾಯ್ಡ್ ಬೆರೆಸಿದ ಮುಲಾಮು. ಇಲ್ಲಿ ಸ್ವಲ್ಪ ನಿಲ್ಲಬೇಕು. ನನಗೆ ಆ ಅಂಗಡಿಯಲ್ಲಿ ಕೊಟ್ಟದ್ದು ಇದೇ. ಫಂಗಸ್ ಔಷಧದ ಜೊತೆಗೆ ಸ್ಟೀರಾಯ್ಡ್, ಕೆಲವದರಲ್ಲಿ ಆ್ಯಂಟಿಬಯೋಟಿಕ್ ಕೂಡ ಸೇರಿಸಿ ಒಂದೇ ಟ್ಯೂಬಿನಲ್ಲಿ ತುಂಬಿರುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುವುದರಿಂದ ಕೊಟ್ಟವರಿಗೂ ಖುಷಿ, ತಗೊಂಡವರಿಗೂ ಖುಷಿ. ಆದರೆ ಸ್ಟೀರಾಯ್ಡ್ ಇಳಿಸುವುದು ಉರಿಯೂತವನ್ನು. ಯೀಸ್ಟಿನ ವಿರುದ್ಧ ಚರ್ಮ ಹೋರಾಡುವ ಶಕ್ತಿಯನ್ನೂ ಅದು ಕುಗ್ಗಿಸುತ್ತದೆ. ನಿಲ್ಲಿಸಿದರೆ ಕೆಂಪು ದುಪ್ಪಟ್ಟು. ಮೇಲಾಗಿ ಡೈಪರ್ ಮುಚ್ಚಿದ ಜಾಗದಲ್ಲಿ, ಮಗುವಿನ ತೆಳು ಚರ್ಮದಲ್ಲಿ ಔಷಧ ಜಾಸ್ತಿ ಒಳಗೆ ಇಳಿಯುತ್ತದೆ. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುವುದು, ಗೆರೆ ಬೀಳುವುದು ಎಲ್ಲ ಆಗಬಹುದು.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ. ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್, ಇವುಗಳಲ್ಲಿ ಒಂದು ಹೆಸರು ಕಂಡರೂ ಅದು ಸ್ಟೀರಾಯ್ಡ್. ಒಂದೇ ಕಂಪನಿಯ ಒಂದೇ ಹೆಸರಿನ ಎರಡು ಟ್ಯೂಬು ಇರುತ್ತವೆ, ಒಂದರ ಹೆಸರಿಗೆ ಮಾತ್ರ ಕೊನೆಯಲ್ಲಿ ಒಂದು ಅಕ್ಷರವೋ 'ಪ್ಲಸ್' ಅಂತಲೋ ಬಾಲ ಇರುತ್ತದೆ. ಮೋಸ ಹೋಗುವುದು ಆ ಬಾಲದಲ್ಲೇ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೂ ಕೊಡುತ್ತಾರೆ. ತುಂಬಾ ಉರಿ ಇದ್ದಾಗ ಡಾಕ್ಟರೇ ಹಗುರವಾದ ಹೈಡ್ರೊಕಾರ್ಟಿಸೋನನ್ನು ಒಂದೆರಡು ದಿನಕ್ಕೆ ಅಂತ ಬರೆಯುವುದುಂಟು. ಅದು ಬೇರೆ ಮಾತು.

ನಾಲ್ಕನೆಯದು ಮನೆಯಲ್ಲಿ ಮೊದಲೇ ಬಿದ್ದಿರುವ ಟ್ಯೂಬು. ಮಳೆಗಾಲದಲ್ಲಿ ಬೂಟು ಹಾಕಿ ತೋಟದಲ್ಲಿ ಓಡಾಡುವವರಿಗೆ ಹುಳಕಡ್ಡಿ ಮಾಮೂಲಿ, ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಹುಳಕಡ್ಡಿ ಮುಲಾಮು ಇದ್ದೇ ಇರುತ್ತದೆ. "ಅದೂ ಫಂಗಸ್ಸೇ ಅಲ್ವಾ, ಹಚ್ಚು" ಅಂದರು ನಮ್ಮೆಜಮಾನರು. ಫಂಗಸ್ ಹೌದು, ಆದರೆ ಬೇರೆ ಜಾತಿ. ಹುಳಕಡ್ಡಿಗೆ ಚೆನ್ನಾಗಿ ಕೆಲಸ ಮಾಡುವ ಟರ್ಬಿನಾಫಿನ್ ಕ್ಯಾಂಡಿಡಾ ಮೇಲೆ ಅಷ್ಟು ಚೂಪಲ್ಲ. ಎಷ್ಟೋ ಹುಳಕಡ್ಡಿ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಕೂಡ ಬೆರೆತಿರುತ್ತದೆ. ದೊಡ್ಡವರ ಟ್ಯೂಬು ದೊಡ್ಡವರಿಗೇ ಇರಲಿ.

ಲಂಗೋಟಿಯೋ, ಡೈಪರೋ, ಬರೀ ಮೈಯೋ?

ಬಟ್ಟೆಯೇ ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು ಅಂತ ನಾನೂ ನಂಬಿದ್ದೆ. ದದ್ದು ಬಂದ ಕೂಡಲೇ ಡೈಪರ್ ಬಿಟ್ಟು ಲಂಗೋಟಿಗೆ ಬಂದೆ. ಬೇಸಿಗೆಯಲ್ಲಿ ಇದು ಸರಿ ಇರಬಹುದು. ನಾಪೋಕ್ಲಿನ ಜುಲೈಯಲ್ಲಿ ಇದು ತಪ್ಪು ಲೆಕ್ಕ.

ಯಾಕೆ ಅಂದರೆ, ಲಂಗೋಟಿ ಒಳ್ಳೆಯದಾಗುವುದು ಎರಡು ಷರತ್ತಿನ ಮೇಲೆ: ಒದ್ದೆಯಾದ ತಕ್ಷಣ ಬದಲಿಸಬೇಕು, ಮತ್ತು ಹಾಕುವ ಬಟ್ಟೆ ಪೂರ್ತಿ ಒಣಗಿರಬೇಕು. ನಮ್ಮ ಲಂಗೋಟಿಗಳು ಮುಟ್ಟಿದರೆ ತಣ್ಣಗೆ, ಮೂಸಿದರೆ ಮುಗ್ಗಲು. ಅದನ್ನೇ ಸುತ್ತಿ, ಮೇಲೆ ನೀರು ಸೋರದ ಪ್ಲಾಸ್ಟಿಕ್ ಚಡ್ಡಿ ಹಾಕಿದರೆ ಯೀಸ್ಟಿಗೆ ಹಬ್ಬ. ಅದಕ್ಕೆ ಹೋಲಿಸಿದರೆ ಒಳಗೆ ಜೆಲ್ ಇರುವ ಬಳಸಿ ಬಿಸಾಡುವ ಡೈಪರ್ ಒದ್ದೆಯನ್ನು ಎಳೆದುಕೊಂಡು ಚರ್ಮವನ್ನು ಒಣಗಿಸಿಡುತ್ತದೆ. ಮೂತ್ರದ ಮಟ್ಟಿಗೆ ಅದು ಬಟ್ಟೆಗಿಂತ ವಾಸಿ. ಅದರ ತೊಂದರೆ ನಮ್ಮ ಸೋಮಾರಿತನದಲ್ಲಿದೆ. ಇನ್ನೂ ತಡೆಯುತ್ತೆ ಬಿಡು ಅಂತ ಆರೇಳು ಗಂಟೆ ಬಿಟ್ಟುಬಿಡುತ್ತೇವೆ. ಒಂದಕ್ಕೆ ಹತ್ತು ಹದಿನೈದು ರೂಪಾಯಿ ಅಂದರೆ ಯಾರಿಗಾದರೂ ಕೈ ಹಿಂಜರಿಯುತ್ತದೆ ನಿಜ. ಆದರೆ ದದ್ದಿರುವ ಆ ಎರಡು ವಾರ ಮಾತ್ರ ಎರಡು ಮೂರು ಗಂಟೆಗೊಮ್ಮೆ, ಮಲ ಆದರೆ ಆ ಕ್ಷಣವೇ ಬದಲಿಸಿ. ಒಂದು ಅಳತೆ ದೊಡ್ಡದನ್ನು ತಂದು, ಸಡಿಲವಾಗಿ ಕಟ್ಟಿದರೆ ಗಾಳಿ ಆಡುತ್ತದೆ.

ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಇರುವ ತಾಯಂದಿರಿಗೆ ಈ ಲೆಕ್ಕ ಕೈಗೆಟುಕುವುದಿಲ್ಲ ಅಂತ ನನಗೆ ಗೊತ್ತು. ಅವರಿಗೆ ನನ್ನ ಸಲಹೆ ಹಗಲಿಗೆ ಬಟ್ಟೆ, ರಾತ್ರಿಗೆ ಒಂದು ಡೈಪರ್. ರಾತ್ರಿಯ ಉದ್ದ ಒದ್ದೆಯೇ ಚರ್ಮವನ್ನು ಕೆಡಿಸುವುದು. ಹಗಲಿನ ಬಟ್ಟೆ ಹಳೆಯ ಪಂಚೆಯದೋ ಹತ್ತಿ ಸೀರೆಯದೋ ಆಗಲಿ, ದಪ್ಪ ಬೇಡ. ತೆಳು ಬಟ್ಟೆ ಬೇಗ ಒಣಗುತ್ತದೆ. ಮೇಲೆ ಪ್ಲಾಸ್ಟಿಕ್ ಚಡ್ಡಿ ಮಾತ್ರ ಹಾಕಲೇಬೇಡಿ.

ಬರೀ ಮೈಗೆ ಬಂದರೆ, ಮೂರರಲ್ಲಿ ಇದೇ ಮೊದಲನೆಯದು, ಖರ್ಚೂ ಇಲ್ಲ. ಗಾಳಿಗಿಂತ ದೊಡ್ಡ ಔಷಧ ಯೀಸ್ಟಿಗೆ ಇಲ್ಲ ಅಂತಲೇ ನಾನು ಹೇಳುತ್ತೇನೆ. ಆದರೆ ಒಂದೂವರೆ ವರ್ಷದ ಮಗು ಒಂದು ಕಡೆ ನಿಲ್ಲುತ್ತದೆಯೇ? ಇಡೀ ಮನೆ ಒರೆಸಬೇಕಾಗುತ್ತದೆ. ನಾನು ಕಂಡುಕೊಂಡ ದಾರಿ ಇದು. ಮಲ ಆಗಿ ತೊಳೆದ ನಂತರದ ಅರ್ಧ ಗಂಟೆ ಸಾಮಾನ್ಯವಾಗಿ ಸುರಕ್ಷಿತ. ಆಗ ರಬ್ಬರ್ ಶೀಟ್ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಪಾತ್ರೆ ಸೌಟು ಕೊಟ್ಟು ಕೂರಿಸುವುದು. ದಿನಕ್ಕೆ ಮೂರು ಸಲ. ಚಳಿಗೆ ಮೇಲೆ ಸ್ವೆಟರ್, ಕಾಲಿಗೆ ಕಾಲುಚೀಲ, ಮಧ್ಯೆ ಏನೂ ಇಲ್ಲ. ನೋಡಲು ತಮಾಷೆ, ಕೆಲಸ ಮಾತ್ರ ಸರಿಯಾಗಿ ಆಗುತ್ತದೆ.

ಬಳಸಿದ ಡೈಪರನ್ನು ತೋಟದ ಮೂಲೆಗೋ ತೋಡಿಗೋ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಲ್ಲಿಯ ತೋಡುಗಳೆಲ್ಲ ಹರಿದು ಸೇರುವುದು ಕಾವೇರಿಯನ್ನೇ. ಮಲವನ್ನು ಕಕ್ಕಸಿಗೆ ಹಾಕಿ, ಡೈಪರನ್ನು ಸುತ್ತಿ ಕಟ್ಟಿಟ್ಟು, ಪಂಚಾಯಿತಿ ಕಸದ ಗಾಡಿ ಬಂದಾಗ ಕೊಡಿ.

ಬಟ್ಟೆ ಒಣಗಿಸುವ ಮೂರು ದಾರಿ

ಒಲೆಯ ಮೇಲಿನ ಅಟ್ಟ, ಅಗ್ಗಿಷ್ಟಿಕೆ, ಇಸ್ತ್ರಿ ಪೆಟ್ಟಿಗೆ. ಅಟ್ಟದಲ್ಲಿ ಬಟ್ಟೆ ಒಣಗುತ್ತದೆ, ಆದರೆ ಹೊಗೆ ಮತ್ತು ಮಸಿ ಹಿಡಿಯುತ್ತದೆ. ಕೆರಳಿದ ಚರ್ಮಕ್ಕೆ ಅದು ಬೇಡ. ಅಗ್ಗಿಷ್ಟಿಕೆಯ ಸುತ್ತ ಬಿದಿರಿನ ಬುಟ್ಟಿ ಕವುಚಿ ಬಟ್ಟೆ ಹರಡುವುದು ನಮ್ಮ ಹಿರಿಯರ ಉಪಾಯ. ಬೇಗ ಒಣಗುತ್ತದೆ. ಆದರೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವವನ್ನೇ ತೆಗೆಯುತ್ತದೆ. ಓಡಾಡುವ ಮಗು ಇರುವ ಮನೆಯಲ್ಲಿ ಕೆಂಡದ ಭಯ ಬೇರೆ.

ನನ್ನ ಆಯ್ಕೆ ಇಸ್ತ್ರಿ. ಫ್ಯಾನಿನ ಕೆಳಗೆ ಮುಕ್ಕಾಲು ಒಣಗಿಸಿ, ಮಿಕ್ಕ ತೇವವನ್ನು ಇಸ್ತ್ರಿಯಲ್ಲಿ ಹೋಗಿಸುವುದು. ಬಿಸಿಗೆ ಬಟ್ಟೆಯಲ್ಲಿ ಉಳಿದ ಯೀಸ್ಟೂ ಸಾಯುತ್ತದೆ. ಕರೆಂಟ್ ಇದ್ದರೆ, ಅಷ್ಟೆ! ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದಾಗ ನಾನೂ ಅಗ್ಗಿಷ್ಟಿಕೆಗೇ ಶರಣು, ಆದರೆ ಜಗಲಿಯಲ್ಲಿ ಇಟ್ಟು.

ಒಗೆಯುವಾಗ, ಯೀಸ್ಟ್ ದದ್ದು ಇರುವಷ್ಟು ದಿನ ಲಂಗೋಟಿಗಳನ್ನು ಹಂಡೆಯ ಕುದಿನೀರಿನಲ್ಲಿ ಐದು ಹತ್ತು ನಿಮಿಷ ಹಾಕಿ. ಸೋಪು ಕಡಿಮೆ, ನೀರು ಜಾಸ್ತಿ. ಸುವಾಸನೆಯ ಕಂಫರ್ಟ್ ಥರದ್ದು ಬೇಡ.

ಒರೆಸುವುದು ಹೇಗೆ

ವೈಪ್ಸ್ ಪ್ರಯಾಣಕ್ಕೆ ಸರಿ. ಮನೆಯಲ್ಲಿ ದದ್ದು ಇರುವಾಗ ಉಗುರುಬೆಚ್ಚಗಿನ ನೀರಿಗೆ ಸಾಟಿ ಇಲ್ಲ. ಚೊಂಬಿನಿಂದ ಸುರಿದು, ಕೈಯಲ್ಲಿ ಮೆತ್ತಗೆ ತೊಳೆದು, ಮೆದು ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಿ. ಉಜ್ಜಬಾರದು. ಸೋಪು ದಿನಕ್ಕೆ ಒಂದು ಸಲ, ಅದೂ ಸ್ನಾನದಲ್ಲಿ. ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ದ್ರವ ಸುರಿಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಯೀಸ್ಟ್ ದದ್ದು ಅದರಿಂದ ವಾಸಿಯಾಗುವುದಿಲ್ಲ, ಮಗುವಿಗೆ ಉರಿ ಮಾತ್ರ ಗ್ಯಾರಂಟಿ. ಹೇರ್ ಡ್ರೈಯರ್ ಹಿಡಿದು ಒಣಗಿಸುವ ಸಾಹಸವೂ ಬೇಡ. ಸುಟ್ಟೀತು. ಮುಗಿದ ಮೇಲೆ ನಿಮ್ಮ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಅಜ್ಜಿ ಮದ್ದುಗಳು

ಇಲ್ಲಿ ಎಲ್ಲವನ್ನೂ ಮೂಢನಂಬಿಕೆ ಅಂತ ತಳ್ಳಲು ನನಗೆ ಮನಸ್ಸಿಲ್ಲ, ಎಲ್ಲವನ್ನೂ ಒಪ್ಪಲೂ ಆಗುವುದಿಲ್ಲ.

ಕೊಬ್ಬರಿ ಎಣ್ಣೆ: ಅತ್ತೆ ಪೂರ್ತಿ ತಪ್ಪಲ್ಲ. ಅದರಲ್ಲಿರುವ ಲಾರಿಕ್ ಆಮ್ಲ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ತಡೆಯುತ್ತದೆ. ಮಗುವಿನ ತೊಡೆಸಂದು ಗಾಜಿನ ತಟ್ಟೆ ಅಲ್ಲ. ತಡೆಯಾಗಿ, ಜಿಂಕ್ ತೆಗೆಯಲು, ವಾಸಿಯಾದ ಮೇಲೆ ಚರ್ಮ ಮೆದುವಾಗಿಡಲು ಒಳ್ಳೆಯದು. ಹಬ್ಬಿದ ಯೀಸ್ಟಿಗೆ ಅದೊಂದೇ ಸಾಲದು.

ಮೊಸರು: ತಂಪು ಅನ್ನಿಸುತ್ತದೆ, ಒಂದು ಕ್ಷಣ ಅಳು ನಿಲ್ಲುತ್ತದೆ. ಆದರೆ ಮಡಿಕೆಯಲ್ಲಿ ಉಳಿದರೆ ಮತ್ತೆ ಒದ್ದೆಯೇ. ಹಚ್ಚುವುದಕ್ಕಿಂತ ಅನ್ನಕ್ಕೆ ಕಲಸಿ ತಿನ್ನಿಸಿ.

ಅರಿಶಿನ, ಬೇವು: ಒಡೆದ ಚರ್ಮಕ್ಕೆ ಅರಿಶಿನ ಉರಿಯುತ್ತದೆ. ಜೊತೆಗೆ ಹಳದಿ ಬಣ್ಣ ಕೂತು, ದದ್ದು ಇಳಿಯಿತೋ ಇಲ್ಲವೋ ಡಾಕ್ಟರಿಗೂ ಗೊತ್ತಾಗುವುದಿಲ್ಲ. ನನ್ನ ಮಗಳಿಗೆ ಹಾಗೇ ಆಗಿತ್ತು.

ಜೇನು: ಕೊಡಗಿನವರಿಗೆ ನಮ್ಮ ಜೇನಿನ ಮೇಲೆ ಅಭಿಮಾನ ಜಾಸ್ತಿ, ನನಗೂ ಇದೆ. ಆದರೆ ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಜೇನು ಹೋಗಲೇಬಾರದು, ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಹಚ್ಚಿದರೆ ಅಲ್ಲಿಗೆ ಕೈ ಹೋಗುತ್ತದೆ, ಕೈ ಬಾಯಿಗೆ ಹೋಗುತ್ತದೆ. ಸ್ವಲ್ಪ ದೊಡ್ಡ ಮಗುವಾದರೂ ಅಂಟು, ಇರುವೆ, ರಗಳೆ.

ವಿನೆಗರ್: ಮೊಬೈಲಿನಲ್ಲಿ ಸೇಬಿನ ವಿನೆಗರ್ ಅಂತ ಯಾರೋ ಹೇಳಿದ್ದನ್ನು ನೋಡಿ, ಪರಿಚಯದವರೊಬ್ಬರು "ನಮ್ಮ ಕಾಚಂಪುಳಿ ಆಗಲ್ವಾ?" ಅಂದರು. ಕಾಚಂಪುಳಿ, ಅಂದರೆ ಕೊಡಗಿನ ಗಟ್ಟಿ ಕಪ್ಪು ಹುಳಿ, ಇರುವುದು ಪಂದಿಕರಿಗೆ, ನಮ್ಮ ಹಂದಿಮಾಂಸದ ಅಡುಗೆಗೆ. ಹಸಿ ಗಾಯದಂಥ ಚರ್ಮಕ್ಕೆ ಹುಳಿ ಸೋಕಿದರೆ ಮಗು ಕಿರುಚಿಕೊಳ್ಳುತ್ತದೆ, ಸುಟ್ಟ ಗಾಯವೂ ಆಗಬಹುದು.

ಅಡುಗೆ ಸೋಡಾ: ಇದನ್ನು ಪದೇ ಪದೇ ಹಚ್ಚಬೇಡಿ. ಒಡೆದ ಚರ್ಮದ ಮೂಲಕ ಸೋಡಾ ಮೈಗೆ ಸೇರಿ, ರಕ್ತದ ಲವಣಗಳ ಸಮತೋಲ ತಪ್ಪಿ ಮಗು ಕಾಯಿಲೆ ಬಿದ್ದದ್ದು ವೈದ್ಯಕೀಯ ದಾಖಲೆಯಲ್ಲಿದೆ.

ನೇರಳೆ ಔಷಧ, ಅಂದರೆ ಜೆನ್ಶಿಯನ್ ವಯೊಲೆಟ್: ನಮ್ಮ ಅಮ್ಮಂದಿರ ಕಾಲದಲ್ಲಿ ಬಾಯಿಗೂ ಕೆಳಗೂ ಇದೇ. ಯೀಸ್ಟನ್ನು ಕೊಲ್ಲುತ್ತದೆ ನಿಜ. ಆದರೆ ಹುಣ್ಣು ಮಾಡಬಹುದು, ಮತ್ತು ಕ್ಯಾನ್ಸರಿನ ಅನುಮಾನದ ಮೇಲೆ 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಇದನ್ನು ಬಳಸಬೇಡಿ ಅಂತ ಎಚ್ಚರಿಸಿತು. ಒಳ್ಳೆಯ ಮುಲಾಮು ಸಿಗುವ ಈ ಕಾಲದಲ್ಲಿ ಅದರ ಅಗತ್ಯವಿಲ್ಲ.

ಇನ್ನು ಮದ್ದು ಸೊಪ್ಪು. ಕಕ್ಕಡ 18ರಂದು, ಅಂದರೆ ಆಗಸ್ಟ್ 3ರಂದು, ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧ ಗುಣ ಸೇರುತ್ತದೆ ಎಂಬುದು ಇಲ್ಲಿಯ ನಂಬಿಕೆ. ಪಾಯಸ ಮಾಡಿ ಎಲ್ಲರೂ ತಿನ್ನುತ್ತೇವೆ. ಅದರ ರಸವನ್ನು ದದ್ದಿಗೆ ಹಚ್ಚು ಅಂತಲೂ ಒಬ್ಬರು ಹೇಳಿದರು. ನಾನು ಹಚ್ಚಲಿಲ್ಲ. ಆದರೆ ಎರಡು ಚಮಚ ಪಾಯಸ ತಿನ್ನಿಸಿದ್ದೆ. ಮಾರನೇ ದಿನ ಬೆಳಿಗ್ಗೆ ಡೈಪರ್ ಬಿಚ್ಚಿದರೆ ಕೆಂಪು! ದದ್ದು ಒಡೆದು ರಕ್ತ ಬಂತು ಅಂತ ನನ್ನ ಕೈಕಾಲು ನಡುಗಿತು. ಅತ್ತೆ ಬಂದು ನೋಡಿ ಬಿದ್ದು ಬಿದ್ದು ನಕ್ಕರು. ಆ ಪಾಯಸ ತಿಂದರೆ ದೊಡ್ಡವರಿಗೂ ಮೂತ್ರ ಕೆಂಪಾಗುತ್ತದಂತೆ. ಕುಶಾಲನಗರದಲ್ಲಿ ನಮ್ಮ ಮನೆಯಲ್ಲಿ ಅದನ್ನು ಮಾಡುತ್ತಿರಲಿಲ್ಲ, ನನಗೆ ಹೇಗೆ ಗೊತ್ತಿರಬೇಕು?

ಪೌಡರ್ ಬಗ್ಗೆ ಎರಡೇ ಮಾತು

ಬೇಡ. ಟಾಲ್ಕಂ ಪುಡಿ ಮಗುವಿನ ಮೂಗು, ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಮಡಿಕೆಯಲ್ಲಿ ಉಂಡೆ ಕಟ್ಟಿ ಉಜ್ಜುತ್ತದೆ. ಕೆಲವು ಬೆವರುಸಾಲೆ ಪೌಡರುಗಳಲ್ಲಿ ಬೋರಿಕ್ ಆಸಿಡ್ ಇರುತ್ತದೆ, ಒಡೆದ ಚರ್ಮದಿಂದ ಅದು ಒಳಗೆ ಇಳಿದರೆ ಮಕ್ಕಳಿಗೆ ವಿಷ. ಡಾಕ್ಟರೇ ಫಂಗಸ್ ಪೌಡರ್ ಬರೆದುಕೊಟ್ಟಿದ್ದರೆ ನಿಮ್ಮ ಅಂಗೈಗೆ ಹಾಕಿಕೊಂಡು ಮೆಲ್ಲಗೆ ಒತ್ತಿ, ಮಗುವಿನ ಮೇಲೆ ಉದುರಿಸಬೇಡಿ.

ಮನೆಯಲ್ಲಿ ಎಷ್ಟು ದಿನ, ಡಾಕ್ಟರ ಬಳಿ ಯಾವಾಗ

ಸರಿಯಾದ ಫಂಗಸ್ ಮುಲಾಮು, ಸರಿಯಾದ ಕ್ರಮದಲ್ಲಿ ಹಚ್ಚಿದರೆ ಎರಡು ಮೂರು ದಿನಕ್ಕೆ ಕೆಂಪು ಮಂಕಾಗಬೇಕು, ಹೊಸ ಗುಳ್ಳೆ ನಿಲ್ಲಬೇಕು. ಮೂರು ದಿನಕ್ಕೂ ಏನೂ ಕಾಣದಿದ್ದರೆ, ಅಥವಾ ವಾರವಾದರೂ ಅರ್ಧಕ್ಕೆ ನಿಂತಿದ್ದರೆ ಮತ್ತೆ ತೋರಿಸಿ.

ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಜ್ವರ ಬಂದರೆ, ಕೀವು ತುಂಬಿದ ಅಥವಾ ನೀರು ತುಂಬಿದ ದೊಡ್ಡ ಗುಳ್ಳೆ ಎದ್ದರೆ, ರಕ್ತ ಒಸರಿದರೆ, ದದ್ದು ಡೈಪರ್ ಜಾಗ ದಾಟಿ ಹೊಟ್ಟೆ, ಬೆನ್ನಿಗೆ ಹಬ್ಬಿದರೆ, ಮೂತ್ರ ಮಾಡುವಾಗ ಮಗು ಅತ್ತರೆ. ಗುದದ್ವಾರದ ಸುತ್ತ ಮಾತ್ರ ಉಂಗುರದ ಹಾಗೆ ಕೆಂಪಾಗಿ, ಮಲ ಮಾಡಲು ಹೆದರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಸೋಂಕೂ ಇರಬಹುದು. ಅದಕ್ಕೆ ಫಂಗಸ್ ಮುಲಾಮು ತಾಗುವುದಿಲ್ಲ. ಬಾಯಿಯ ಸುತ್ತಲೂ, ಕೈಕಾಲಿನಲ್ಲೂ ಅಂಥದೇ ಕೆಂಪಿದ್ದು ಭೇದಿ ನಿಲ್ಲದಿದ್ದರೆ ದೇಹದಲ್ಲಿ ಸತುವಿನ (ಜಿಂಕ್) ಕೊರತೆಯನ್ನು ಪರೀಕ್ಷಿಸುತ್ತಾರೆ. ಎಲ್ಲ ಸರಿಯಾಗಿ ಮಾಡಿಯೂ ತಿಂಗಳು ತಿಂಗಳೂ ಯೀಸ್ಟ್ ಮರಳಿ ಬರುತ್ತಿದ್ದರೆ, ಅಪರೂಪಕ್ಕೆ ಸಕ್ಕರೆ ಕಾಯಿಲೆಯೋ ರೋಗನಿರೋಧಕ ಶಕ್ತಿಯ ತೊಂದರೆಯೋ ಹಿಂದೆ ಇರಬಹುದು. ಗಾಬರಿ ಬೇಡ, ಆದರೆ ಡಾಕ್ಟರಿಗೆ ನೆನಪಿಸಿ.

ದೂರದ ತೋಟದಿಂದ ಮಡಿಕೇರಿಗೋ ವಿರಾಜಪೇಟೆಗೋ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಹೋಗುವುದು ಸುಲಭದ ಮಾತಲ್ಲ. ಹಾಗಾಗಿ ಹೋದಾಗ ಒಂದೇ ಸಲಕ್ಕೆ ಕೆಲಸ ಆಗಬೇಕು. ಹಿಂದಿನ ದಿನಗಳ ಫೋಟೊ ಹಗಲು ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ, ಹೊರಡುವ ದಿನ ದದ್ದು ಮರೆಯಾಗಿರುವುದೂ ಉಂಟು. ಇತ್ತೀಚೆಗೆ ಯಾವ ಆ್ಯಂಟಿಬಯೋಟಿಕ್ ಕೊಟ್ಟಿರಿ, ಎಷ್ಟು ದಿನ ಅಂತ ಬರೆದಿಟ್ಟುಕೊಳ್ಳಿ. ಆ ದಿನ ಬೆಳಿಗ್ಗೆ ಜಿಂಕ್ ಹಚ್ಚಬೇಡಿ, ಬಿಳಿ ಪದರದ ಕೆಳಗೆ ಅವರಿಗೆ ಏನೂ ಕಾಣುವುದಿಲ್ಲ. ಇಲ್ಲಿಯವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ನಾನು ಸುರಿದಾಗ ಆರು ಟ್ಯೂಬು, ಎರಡು ಪೌಡರ್ ಡಬ್ಬಿ ಇದ್ದವು. ಡಾಕ್ಟರು ಅದರಲ್ಲಿ ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟು, ಮಿಕ್ಕ ಏಳನ್ನೂ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು.